ನೆರೆಯ ಬಡಮನೆಯ ತೊಟ್ಟಿಲುಗಳು

ಸೂರ್ಯನು ಹುಟ್ಟಿ ಸುಮಾರು ೪೬೦ ಕೋಟಿ ವರ್ಷಗಳಾದುವು. ಆ ಹೆರಿಗೆಯನ್ನು ಕಂಡ ಸೂಲಗಿತ್ತಿ ಯಾರೂ ಇಲ್ಲ. ಅವನೊಡನೆ ಒಂದೇ ಮೋಡದಿಂದ ಮೈದಾಳಿದ ಒಡಹುಟ್ಟಿದ ನಕ್ಷತ್ರಗಳೂ ಎಂದೋ ಚೆದರಿ, ಆಕಾಶಗಂಗೆಯ ಜನಸಂದಣಿಯಲ್ಲಿ ಬೆರೆತುಹೋಗಿವೆ. ಹೀಗಿರುವಾಗ, ಸೂರ್ಯನು ಹೇಗೆ ಹುಟ್ಟಿದನು, ಅವನ ಸುತ್ತ ಗ್ರಹಗಳು ಹೇಗೆ ಕೂಡಿಕೊಂಡುವು ಎಂದು ಯಾರಾದರೂ ಕೇಳಿದರೆ ವಿಜ್ಞಾನಿಯು ಏನೆಂದು ಉತ್ತರ ಕೊಡಬೇಕು? ನಮ್ಮ ಮನೆಗಳಲ್ಲಿ ಹಿರಿಯರು ಮಾಡುವುದನ್ನೇ ಅವನೂ ಮಾಡುತ್ತಾನೆ. ಅಜ್ಜನ ಶೈಶವವನ್ನು ಕಂಡವರು ಈಗ ಒಬ್ಬರೂ ಉಳಿದಿಲ್ಲ. ಆದರೂ ತೊಟ್ಟಿಲಲ್ಲಿರುವ ಮೊಮ್ಮಗನನ್ನು ನೋಡಿ, ಅಜ್ಜನೂ ಮೊದಲು ಮಗುಚಿಕೊಂಡು, ಬಳಿಕ ಅಂಬೆಗಾಲಿಟ್ಟು, ಆಮೇಲೆಯೇ ಗೋಡೆ ಹಿಡಿದು ನಿಂತಿರಬೇಕೆಂದು ನಾವು ಧಾರಾಳವಾಗಿ ಹೇಳುತ್ತೇವೆ. ಖಗೋಳಶಾಸ್ತ್ರಜ್ಞರೂ ಹಾಗೆಯೇ ಆಕಾಶದಲ್ಲಿ ಎಲ್ಲೆಲ್ಲಿ ತೊಟ್ಟಿಲು ತೂಗುತ್ತಿದೆಯೋ ಅಲ್ಲೆಲ್ಲ ಇಣಿಕಿ ನೋಡುತ್ತಾರೆ.

ಇಂತಹ ತೊಟ್ಟಿಲೊಂದು ನಮ್ಮ ಬರಿಗಣ್ಣಿಗೂ ಎಟುಕುವಂತಿದೆ. ಚಳಿಗಾಲದ ರಾತ್ರಿಗಳಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ತೂಗುವ ಕತ್ತಿಯ ನಡುವೆ ಮಂಜಿನ ಹನಿಯಂತಹ ಮಸುಕೊಂದು ಕಾಣುತ್ತದೆ. ಅದು ಸುಮಾರು ೧,೩೫೦ ಜ್ಯೋತಿರ್ವರ್ಷಗಳಾಚೆ ಇರುವ ಅನಿಲ ಮತ್ತು ಧೂಳುಗಳ ನೀಹಾರಿಕೆ. ಅದರೊಳಗೆ ನೂರಾರು ಎಳೆಯ ನಕ್ಷತ್ರಗಳು ಗುಂಪುಗೂಡಿವೆ. ನಕ್ಷತ್ರಗಳು ಸಾಮಾನ್ಯವಾಗಿ ಒಂಟಿಯಾಗಿ ಹುಟ್ಟುವುದಿಲ್ಲ. ಒಂದು ದೊಡ್ಡ ಮೋಡವು ತನ್ನ ಭಾರಕ್ಕೆ ತಾನೇ ಕುಸಿದು ನೂರಾರು, ಸಾವಿರಾರು ತುಂಡುಗಳಾಗಿ ಒಡೆದು, ಒಂದೊಂದು ತುಂಡೂ ಒಂದೊಂದು ನಕ್ಷತ್ರವಾಗುತ್ತದೆ. ಹೀಗೆ ಕೂಡಿ ಹುಟ್ಟಿದ ಸಮೂಹಕ್ಕೆ ತಾರಾಗುಚ್ಛವೆಂದು ಹೆಸರು. ಕುಸಿಯುವ ಅನಿಲವೆಲ್ಲ ನೇರವಾಗಿ ನಕ್ಷತ್ರದೊಳಕ್ಕೆ ಬೀಳದೆ, ಅದರ ಸುತ್ತ ಒಂದು ಚಪ್ಪಟೆಯಾದ ತಟ್ಟೆಯಾಗಿ ಸುತ್ತತೊಡಗುತ್ತದೆ. ಗ್ರಹಗಳು ರೂಪುಗೊಳ್ಳುವುದು ಈ ತಟ್ಟೆಯಲ್ಲಿಯೇ. ಭೂಮಿಯೂ, ಅದರ ಮೇಲೆ ಇದನ್ನು ಓದುತ್ತಿರುವ ನಾವೂ ಅಂತಹ ಒಂದು ತಟ್ಟೆಯ ಶೇಷಾನ್ನವೇ.

ಹತ್ತಿರದಲ್ಲಿಯೇ ತೊಟ್ಟಿಲಿರುವಾಗ ದೂರದ ಗೆಲಕ್ಸಿಗಳಿಗೆ ಏಕೆ ಹೋಗಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರವು ಮನೆತನದ ಆಸ್ತಿಗೆ ಸಂಬಂಧಿಸಿದ್ದು. ಖಗೋಳಶಾಸ್ತ್ರದ ಪರಿಭಾಷೆಯಲ್ಲಿ ಜಲಜನಕ, ಹೀಲಿಯಂ ಎಂಬ ಎರಡು ಧಾತುಗಳನ್ನು ಬಿಟ್ಟು ಉಳಿದುದೆಲ್ಲವೂ "ಲೋಹ". ನಾವು ಉಸಿರಾಡುವ ಆಮ್ಲಜನಕವೂ ಲೋಹ, ಒಲೆಯ ಇದ್ದಲಿನ ಇಂಗಾಲವೂ ಲೋಹ! ರಸಾಯನಶಾಸ್ತ್ರದ ಮೇಷ್ಟರು ಕೇಳಿದರೆ ಕಿವಿ ಮುಚ್ಚಿಕೊಂಡಾರು. ಆದರೆ ಈ ಮಾತು ರೂಢಿಗೆ ಬಂದುಹೋಗಿದೆ. ಸೂರ್ಯನ ದ್ರವ್ಯದಲ್ಲಿ ನೂರು ಪಾಲಿಗೆ ಎರಡು ಪಾಲಿಗಿಂತಲೂ ಕಡಮೆ ಲೋಹಗಳಿವೆ. ಅಷ್ಟು ಅಲ್ಪವಾದುದರಿಂದಲೇ ನೆಲ, ಕಲ್ಲು, ಕಬ್ಬಿಣ, ರಕ್ತ, ಮಾಂಸಗಳು ಆಗಿರುವುದು. ವಿಶ್ವದ ಆರಂಭದಲ್ಲಿ ಈ ಲೋಹಗಳು ಇರಲೇ ಇಲ್ಲವೆನ್ನಬೇಕು. ನಕ್ಷತ್ರಗಳು ತಮ್ಮ ಒಡಲಲ್ಲಿ ಅವನ್ನು ಬೇಯಿಸಿ, ಸಾಯುವಾಗ ಹೊರಕ್ಕೆ ಚೆಲ್ಲಿ, ಮುಂದಿನ ತಲೆಮಾರಿಗೆ ಬಿಟ್ಟುಹೋದುವು. ತಲೆಮಾರಿನಿಂದ ತಲೆಮಾರಿಗೆ ಗಂಟು ದೊಡ್ಡದಾಗುತ್ತ ಬಂದಿತು. ಆಕಾಶಗಂಗೆಯು ಹೀಗೆ ಕೂಡಿಟ್ಟ ಸಿರಿವಂತರ ಮನೆ. ಇಲ್ಲಿ ಮಕ್ಕಳು ಹೇಗೆ ಬೆಳೆಯುತ್ತಾರೆಂದು ನೋಡಿ, ಏನೂ ಇಲ್ಲದಿದ್ದ ಕಾಲದಲ್ಲಿ ಹೇಗೆ ಬೆಳೆದರೆಂದು ಊಹಿಸಿದರೆ ಲೆಕ್ಕ ತಪ್ಪಬಹುದು.

ಏಕೆಂದರೆ ಲೋಹಗಳು ನಕ್ಷತ್ರಜನನದಲ್ಲಿ ಕೇವಲ ಅಲಂಕಾರಕ್ಕಿರುವುದಲ್ಲ. ಮೋಡವು ಕುಸಿಯಬೇಕಾದರೆ ಅದು ತಣ್ಣಗಾಗಬೇಕು. ಶಾಖವನ್ನು ಹೊರಕ್ಕೆ ಸಾಗಿಸುವ ಕೆಲಸವನ್ನು ಬಹುಮಟ್ಟಿಗೆ ಇಂಗಾಲ, ಆಮ್ಲಜನಕ ಮತ್ತು ಧೂಳಿನ ಕಣಗಳು ಮಾಡುತ್ತವೆ. ಆ ಧೂಳೇ ಮೋಡದ ಒಳಮನೆಗೆ ಬಿಸಿಲು ತಾಗದಂತೆ ತಟ್ಟಿಯಾಗಿ ನಿಲ್ಲುತ್ತದೆ. ಗ್ರಹಗಳನ್ನು ಕಟ್ಟಲು ಇಟ್ಟಿಗೆ ಗಾರೆಗಳೂ ಅದರಿಂದಲೇ ಒದಗಬೇಕು. ಇವೆಲ್ಲ ಕೊರತೆಯಾದ ಮನೆಯಲ್ಲಿ ನಕ್ಷತ್ರಗಳು ಹೇಗೆ ಹುಟ್ಟುತ್ತವೆ? ಅವುಗಳ ಸುತ್ತ ಗ್ರಹಗಳು ಕಟ್ಟುತ್ತವೆಯೆ? ಈ ಪ್ರಶ್ನೆಯ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಅಡಗಿದೆ. ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷ. ಅದರ ಬಾಲ್ಯದಲ್ಲಿಯೇ ಗ್ರಹಗಳು ಆಗಲು ಸಾಧ್ಯವಿತ್ತೆ, ಅಥವಾ ನೆಲವುಳ್ಳ ಲೋಕಗಳೆಲ್ಲ ನಮ್ಮಂತೆ ತಡವಾಗಿ ಬಂದವೇ?

ಆ ಬಾಲ್ಯಕಾಲದ ಗೆಲಕ್ಸಿಗಳು ಅತಿದೂರದಲ್ಲಿವೆ; ಎಷ್ಟು ದೊಡ್ಡ ದೂರದರ್ಶಕವಿದ್ದರೂ ಅವುಗಳಲ್ಲಿ ಸೂರ್ಯನಂತಹ ನಕ್ಷತ್ರಗಳನ್ನು ಒಂದೊಂದಾಗಿ ಬಿಡಿಸಿ ನೋಡಲಾಗುವುದಿಲ್ಲ. ಅದೃಷ್ಟವಶಾತ್ ನಮ್ಮ ನೆರೆಯಲ್ಲಿಯೇ ಕೆಲವು ಬಡಮನೆಗಳಿವೆ. ಅವೇ ಕುಬ್ಜ ಗೆಲಕ್ಸಿಗಳು. ಗಾತ್ರ ಚಿಕ್ಕದು, ಹಿಡಿತವೂ ಸಡಿಲು. ನಕ್ಷತ್ರಗಳು ಬೇಯಿಸಿ ಚೆಲ್ಲಿದ ಲೋಹಗಳಲ್ಲಿ ಎಷ್ಟೋ ಭಾಗ ಕೈಜಾರಿ ಹೊರಕ್ಕೆ ಹೋಗುತ್ತದೆ. ಆದಕಾರಣ ಇಷ್ಟು ಕಾಲ ಕಳೆದರೂ ಅವುಗಳ ಗಂಟು ದೊಡ್ಡದಾಗಿಲ್ಲ. ವಿಶ್ವದಲ್ಲಿ ನಕ್ಷತ್ರಜನನದ ಸಂಭ್ರಮ ತುದಿಗೇರಿದ್ದ ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಗೆಲಕ್ಸಿಗಳ ಸ್ಥಿತಿ ಹೇಗಿತ್ತೋ, ಬಹುಮಟ್ಟಿಗೆ ಆ ಸ್ಥಿತಿಯನ್ನು ಇವು ಇಂದಿಗೂ ಉಳಿಸಿಕೊಂಡಿವೆ.

ಈ ನೆರೆಮನೆಗಳಲ್ಲಿ ಎರಡು ಪ್ರಸಿದ್ಧವಾದುವು: ಹಿರಿಯ ಮೆಗೆಲನ್ ಮೇಘ ಮತ್ತು ಕಿರಿಯ ಮೆಗೆಲನ್ ಮೇಘ. ೧೫೧೯ರಲ್ಲಿ ಸ್ಪೇನಿನಿಂದ ಹೊರಟು ಭೂಮಿಯನ್ನು ಸುತ್ತುವರಿದ ನೌಕಾಯಾನದ ನಾಯಕನಾದ ಮೆಗೆಲನ್ನನ ಹೆಸರು ಅವಕ್ಕೆ ಅಂಟಿಕೊಂಡಿತು. ದಕ್ಷಿಣಗೋಳದ ಜನರಿಗಾದರೋ ಅವು ಅನಾದಿಯಿಂದ ಪರಿಚಿತವೇ. ಹಿರಿಯ ಮೇಘವು ಸುಮಾರು ೧ ಲಕ್ಷ ೬೦ ಸಾವಿರ ಜ್ಯೋತಿರ್ವರ್ಷಗಳ ದೂರದಲ್ಲಿದೆ; ಕಿರಿಯದು ೨ ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಸೂರ್ಯನಲ್ಲಿರುವ ಲೋಹದ ಪ್ರಮಾಣಕ್ಕೆ ಹೋಲಿಸಿದರೆ ಹಿರಿಯ ಮೇಘದಲ್ಲಿರುವುದು ಅರ್ಧದಷ್ಟು. ಕಿರಿಯ ಮೇಘದಲ್ಲಿ ಐದನೆಯ ಒಂದು ಪಾಲು; ಅದಕ್ಕಿಂತಲೂ ಕಡಮೆಯೆಂದು ಹೇಳುವ ಅಳತೆಗಳೂ ಉಂಟು.

ಕರ್ನಾಟಕದಲ್ಲಿ ನಿಂತು ಇವನ್ನು ಕಾಣಬಹುದೆ? ಫೆಬ್ರುವರಿಯ ರಾತ್ರಿ ದಕ್ಷಿಣ ದಿಕ್ಕಿಗೆ ಮುಖಮಾಡಿದರೆ ಅಗಸ್ತ್ಯ ನಕ್ಷತ್ರವು ಜ್ವಲಿಸುತ್ತಿರುತ್ತದೆ. ಅದರ ಕೆಳಗೆ, ತುಸು ಬಲಕ್ಕೆ, ದಿಗಂತಕ್ಕೆ ತೀರ ಸಮೀಪದಲ್ಲಿ ಹಿರಿಯ ಮೇಘವಿದೆ. ಬೆಂಗಳೂರಿನಿಂದ ನೋಡುವವರಿಗೆ ಅದು ದಿಗಂತದಿಂದ ಸುಮಾರು ೮ ಅಂಶಗಳಿಗಿಂತ ಮೇಲೇರುವುದಿಲ್ಲ. ಕಿರಿಯ ಮೇಘವಂತೂ ೪ ಅಂಶಗಳಷ್ಟು ಮಾತ್ರ. ಊರಿನ ದೀಪಗಳೂ ದಿಗಂತದ ಮಬ್ಬೂ ಸೇರಿ ಅವನ್ನು ನುಂಗಿಬಿಡುತ್ತವೆ. ವಿಂಧ್ಯವನ್ನು ದಾಟಿ ದಕ್ಷಿಣಕ್ಕೆ ಬಂದ ಅಗಸ್ತ್ಯ ಮುನಿಯ ಕಾಲ ಬುಡದಲ್ಲಿಯೇ ಇಂತಹ ನಿಧಿಯಿದ್ದರೂ ನಮಗೆ ದಕ್ಕುವುದಿಲ್ಲ. ಆದುದರಿಂದಲೇ ಈ ಮೇಘಗಳ ಇತಿಹಾಸವೆಲ್ಲ ಪೆರು, ಚಿಲಿ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮುಂತಾದ ದೇಶಗಳ ವೇಧಶಾಲೆಗಳಲ್ಲಿ ಬರೆಯಲ್ಪಟ್ಟಿದೆ.

ಆ ಇತಿಹಾಸದಲ್ಲಿ ಮೊದಲು ನೆನೆಯಬೇಕಾದವಳು ಒಬ್ಬ ಹೆಣ್ಣುಮಗಳು. ಅಮೆರಿಕದ ಹಾರ್ವರ್ಡ್ ವೇಧಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿಯೆಟಾ ಲೆವಿಟ್ ಎಂಬಾಕೆ, ಪೆರು ದೇಶದ ಅರೆಕಿಪದಿಂದ ಬರುತ್ತಿದ್ದ ಗಾಜಿನ ಛಾಯಾಫಲಕಗಳನ್ನು ಮುಂದಿಟ್ಟುಕೊಂಡು, ಮೆಗೆಲನ್ ಮೇಘಗಳಲ್ಲಿ ಕಾಂತಿಯು ಏರಿಳಿಯುವ ೧,೭೭೭ ನಕ್ಷತ್ರಗಳನ್ನು ಗುರುತಿಸಿ ೧೯೦೮ರಲ್ಲಿ ಪಟ್ಟಿಮಾಡಿದಳು. ೧೯೧೨ರಲ್ಲಿ ಕಿರಿಯ ಮೇಘದ ೨೫ ನಕ್ಷತ್ರಗಳನ್ನು ಆರಿಸಿಕೊಂಡು, ಏರಿಳಿತವು ನಿಧಾನವಾದಷ್ಟೂ ನಕ್ಷತ್ರವು ಹೆಚ್ಚು ಪ್ರಕಾಶವುಳ್ಳದ್ದೆಂಬ ನಿಯಮವನ್ನು ತೋರಿಸಿಕೊಟ್ಟಳು. ಗೆಲಕ್ಸಿಗಳ ದೂರವನ್ನು ಅಳೆಯುವ ಅಳತೆಗೋಲು ಮನುಷ್ಯನ ಕೈಗೆ ಬಂದದ್ದು ಅಂದೇ. ಆಕೆಗೆ ಈ ನಿಯಮ ಸಿಕ್ಕಲು ಕಾರಣವೇನು? ಮೇಘದೊಳಗಿನ ನಕ್ಷತ್ರಗಳೆಲ್ಲ ನಮ್ಮಿಂದ ಹೆಚ್ಚುಕಡಮೆ ಒಂದೇ ದೂರದಲ್ಲಿವೆ. ಎದುರುಗಡೆಯ ಬೀದಿಯ ದೀಪಗಳನ್ನು ಹೋಲಿಸುವಂತೆ ಅವುಗಳ ಪ್ರಕಾಶವನ್ನು ನೇರವಾಗಿ ಹೋಲಿಸಬಹುದು. ಆಕಾಶಗಂಗೆಯೊಳಗೆ ಈ ಸೌಕರ್ಯವಿಲ್ಲ. ಒಂದು ದೀಪ ಅಂಗಳದಲ್ಲಿ, ಇನ್ನೊಂದು ಮೂರನೆಯ ಊರಿನಲ್ಲಿ. ಇಂದು ಎಳೆಯ ತಾರಾಗುಚ್ಛಗಳನ್ನು ಪರೀಕ್ಷಿಸುವವರಿಗೂ ನೆರವಾಗಿರುವುದು ಇದೇ ಸೌಕರ್ಯ. ದೂರ ಗೊತ್ತು, ಪ್ರಕಾಶ ಗೊತ್ತು, ಬಣ್ಣದಿಂದ ಶಾಖ ಗೊತ್ತು. ಇವುಗಳಿಂದ ನಕ್ಷತ್ರದ ತೂಕವನ್ನೂ ವಯಸ್ಸನ್ನೂ ಲೆಕ್ಕಹಾಕಬಹುದು.

ಹತ್ತಿರವಿದ್ದು ಬಿಡಿಬಿಡಿಯಾಗಿ ನೋಡುವುದರ ಬೆಲೆ ಏನೆಂಬುದಕ್ಕೆ ಹಿರಿಯ ಮೇಘದಲ್ಲಿ ಒಂದು ಕತೆಯೇ ಉಂಟು. ಅಲ್ಲಿ ಟರಂಟುಲ ಎಂಬ ಭಾರಿ ನೀಹಾರಿಕೆಯಿದೆ. ಅದರ ನಡುವೆ ಆರ್ ೧೩೬ ಎಂಬ ಬೆಳಕಿನ ಚುಕ್ಕೆ. ಇಷ್ಟು ದೊಡ್ಡ ನೀಹಾರಿಕೆಯನ್ನು ಬೆಳಗುತ್ತಿರುವ ಈ ಚುಕ್ಕೆಯ ಹೃದಯಭಾಗವು ಸೂರ್ಯನ ೨,೫೦೦ ಪಟ್ಟು ತೂಕವುಳ್ಳ ಒಂದೇ ರಾಕ್ಷಸ ನಕ್ಷತ್ರವಾಗಿರಬಹುದೆಂದು ೧೯೮೧ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಪ್ರತಿಪಾದಿಸಿದರು. ಅಂತಹ ಭೀಮಕಾಯವು ಹೇಗೆ ಒಡೆಯದೆ ನಿಂತಿದೆಯೆಂದು ಚರ್ಚೆಯೋ ಚರ್ಚೆ. ೧೯೮೫ರಲ್ಲಿ ಜರ್ಮನಿಯ ವೈಗೆಲ್ಟ್ ಮತ್ತು ಬೈಯರ್ ಎಂಬವರು ವಾಯುಮಂಡಲದ ನಡುಕವನ್ನು ನಿವಾರಿಸುವ ಉಪಾಯದಿಂದ ನೋಡಿದಾಗ, ಆ ಒಂದು ಚುಕ್ಕೆ ಎಂಟಾಗಿ ಒಡೆಯಿತು. ಮುಂದೆ ೧೯೯೦ರಲ್ಲಿ ಆಕಾಶಕ್ಕೇರಿದ ಹಬಲ್ ದೂರದರ್ಶಕವು ಅದೊಂದು ಇಕ್ಕಟ್ಟಾದ ತಾರಾಗುಚ್ಛವೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿತು. ಅಲ್ಲಿ ಸೂರ್ಯನ ನೂರು ಪಟ್ಟಿಗಿಂತ ಹೆಚ್ಚು ತೂಕದ ನಕ್ಷತ್ರಗಳೇ ಒಂಬತ್ತು ಇವೆಯೆಂದು ೨೦೧೬ರಲ್ಲಿ ತಿಳಿದುಬಂದಿತು. ಅವುಗಳಲ್ಲಿ ಅತ್ಯಂತ ಭಾರವಾದುದಕ್ಕೆ ೨೦೧೦ರಲ್ಲಿ ಸೂರ್ಯನ ೨೬೫ ಪಟ್ಟು ತೂಕವನ್ನು ಕೊಟ್ಟಿದ್ದರು. ೨೦೨೨ರಲ್ಲಿ ಇನ್ನೂ ಸ್ಪಷ್ಟವಾಗಿ ಬಿಡಿಸಿ ನೋಡಿದ ಮೇಲೆ ಅದು ೧೭೦ರಿಂದ ೨೩೦ ಪಟ್ಟಿನ ನಡುವೆ ಇರಬೇಕೆಂದು ತಿದ್ದಿದರು. ಗುಂಪನ್ನು ಒಬ್ಬನೇ ಮನುಷ್ಯನೆಂದು ತಿಳಿದರೆ ಅವನ ಊಟದ ಲೆಕ್ಕ ಬೆರಗು ಹುಟ್ಟಿಸದೆ ಇದ್ದೀತೆ?

ಇನ್ನು ಕಿರಿಯ ಮೇಘದ ಕಡೆಗೆ ತಿರುಗೋಣ. ಅಲ್ಲಿ ಎನ್.ಜಿ.ಸಿ. ೩೪೬ ಎಂಬ ತಾರಾಗುಚ್ಛವಿದೆ. ಆಸ್ಟ್ರೇಲಿಯದ ಪರಮಟದಲ್ಲಿದ್ದ ಜೇಮ್ಸ್ ಡನ್‌ಲಪ್ ಎಂಬವನು ೧೮೨೬ರಲ್ಲಿ ಇದನ್ನು ಕಂಡು ಗುರುತುಹಾಕಿದನು. ಸುಮಾರು ೧೫೦ ಜ್ಯೋತಿರ್ವರ್ಷಗಳ ಅಗಲ. ಸೂರ್ಯನ ೫೦ ಸಾವಿರ ಪಟ್ಟು ತೂಕ. ಇಂದಿಗೂ ಇಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ. ಬಡಮನೆಯ ಬಾಣಂತಿತನವನ್ನು ನೋಡಬೇಕಾದರೆ ಇದಕ್ಕಿಂತ ತಕ್ಕ ಸ್ಥಳವಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಹಬಲ್ ದೂರದರ್ಶಕವು ಇದನ್ನು ನೋಡಿದಾಗ ಒಂದು ವಿಚಿತ್ರವು ಕಂಡುಬಂದಿತು. ತಟ್ಟೆಯಿಂದ ಅನಿಲವು ನಕ್ಷತ್ರದ ಮೇಲೆ ಸುರಿಯುವಾಗ ಕಾದು, ಜಲಜನಕಕ್ಕೆ ವಿಶಿಷ್ಟವಾದ ಒಂದು ಕೆಂಪು ಬೆಳಕನ್ನು ಬೀರುತ್ತದೆ. ಈ ಬೆಳಕು ಕಂಡಿತೆಂದರೆ ಮಗು ಇನ್ನೂ ಹಾಲು ಕುಡಿಯುತ್ತಿದೆಯೆಂದೇ ಅರ್ಥ. ಎರಡು ಮೂರು ಕೋಟಿ ವರ್ಷ ವಯಸ್ಸಿನವೆಂದು ತೋರುವ ನಕ್ಷತ್ರಗಳಲ್ಲಿಯೂ ಈ ಕೆಂಪು ಬೆಳಕಿತ್ತು!

ಇದರಲ್ಲಿ ವಿಚಿತ್ರವೇನೆಂದರೆ, ನಮ್ಮ ಸುತ್ತಮುತ್ತಲಿನ ನಕ್ಷತ್ರಗಳಲ್ಲಿ ಅರ್ಧದಷ್ಟು ತಟ್ಟೆಗಳು ಇಪ್ಪತ್ತು ಮೂವತ್ತು ಲಕ್ಷ ವರ್ಷಗಳೊಳಗೆ ಕರಗಿಹೋಗುತ್ತವೆ. ಒಂದು ಕೋಟಿ ವರ್ಷಗಳಾಗುವ ಹೊತ್ತಿಗೆ ಉಳಿಯುವುದು ಅಪರೂಪ. ಲೋಹವಿಲ್ಲದ ಬಡಮನೆಯಲ್ಲಿ ತಟ್ಟೆಗಳು ಇನ್ನೂ ಬೇಗ ಬರಿದಾಗಬೇಕೆಂದು ಸಿದ್ಧಾಂತವು ಹೇಳುತ್ತಿತ್ತು. ತಟ್ಟೆಯು ಬೇಗ ಕರಗಿದರೆ ಗುರುವಿನಂತಹ ದೊಡ್ಡ ಗ್ರಹವನ್ನು ಕಟ್ಟಲು ಸಮಯವೆಲ್ಲಿ? ಆದರೆ ಇನ್ನೊಂದು ಕಡೆ ಒಂದು ಸಾಕ್ಷ್ಯವು ಈ ಸಿದ್ಧಾಂತಕ್ಕೆ ಮುಳ್ಳಾಗಿ ಚುಚ್ಚುತ್ತಿತ್ತು. ವೃಶ್ಚಿಕ ರಾಶಿಯಲ್ಲಿ ಜ್ಯೇಷ್ಠಾ ನಕ್ಷತ್ರದ ಮಗ್ಗುಲಲ್ಲಿರುವ ಎಂ ೪ ಎಂಬ ಅತಿಪ್ರಾಚೀನವೂ ಲೋಹದರಿದ್ರವೂ ಆದ ಗುಚ್ಛದಲ್ಲಿ, ಗುರುವಿನ ಎರಡೂವರೆ ಪಟ್ಟು ತೂಕದ ಒಂದು ಗ್ರಹವಿದೆಯೆಂದು ೨೦೦೩ರಲ್ಲಿ ಹಬಲ್ಲಿನ ನೆರವಿನಿಂದ ನಿಶ್ಚಯವಾಗಿತ್ತು. ಅದರ ವಯಸ್ಸನ್ನು ಸುಮಾರು ೧,೩೦೦ ಕೋಟಿ ವರ್ಷವೆಂದು ಎಣಿಸಿದರು. ಬಡತನದಲ್ಲಿ ಮನೆ ಕಟ್ಟಲಾಗದೆಂದು ಶಾಸ್ತ್ರ ಹೇಳುತ್ತಿರುವಾಗ, ಹಳೆಯ ಕೇರಿಯಲ್ಲಿ ಒಂದು ಮನೆ ನಿಂತೇ ಇದೆ!

ಆದರೂ ಹಬಲ್ಲಿನ ಕೆಂಪು ಬೆಳಕಿನ ಸಾಕ್ಷ್ಯವನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದಿದ್ದವರ ಆಕ್ಷೇಪವೂ ನ್ಯಾಯವಾದುದೇ. ಇಡೀ ನೀಹಾರಿಕೆಯೇ ಜಲಜನಕದ ಅದೇ ಕೆಂಪು ಬೆಳಕಿನಿಂದ ಹೊಳೆಯುತ್ತಿದೆ. ದೀಪಾವಳಿಯ ರಾತ್ರಿ ಬೀದಿಯೆಲ್ಲ ಬೆಳಗುತ್ತಿರುವಾಗ, ಇಂತಹ ಮನೆಯ ಗೂಡಿನಲ್ಲಿ ಹಣತೆ ಉರಿಯುತ್ತಿದೆಯೇ ಎಂದು ಊರಾಚೆಯಿಂದ ಹೇಳಲಾದೀತೆ? ಒಂದೊಂದು ನಕ್ಷತ್ರದ ಬೆಳಕನ್ನೂ ಬೇರ್ಪಡಿಸಿ, ಅದರ ವರ್ಣಪಟಲವನ್ನು ಹರಡಿ ಓದಬೇಕು. ಹಬಲ್ಲಿನ ೨.೪ ಮೀಟರ್ ಕನ್ನಡಿಗೆ ಆ ಶಕ್ತಿ ಸಾಲಲಿಲ್ಲ. ವಾದವು ಹಲವು ವರ್ಷ ಹಾಗೆಯೇ ನಿಂತಿತು.

೨೦೨೧ರ ಡಿಸೆಂಬರ್ ೨೫ರಂದು ಜೇಮ್ಸ್ ವೆಬ್ ದೂರದರ್ಶಕವು ಮೇಲೇರಿತು. ಅದರ ಕನ್ನಡಿ ೬.೫ ಮೀಟರ್ ಅಗಲ. ಭೂಮಿಯಿಂದ ೧೫ ಲಕ್ಷ ಕಿಲೋಮೀಟರ್ ಆಚೆ ನಿಂತು, ಧೂಳನ್ನು ತೂರಿ ಬರುವ ಅವಗೆಂಪು ಕಿರಣಗಳನ್ನು ಅದು ಹಿಡಿಯುತ್ತದೆ. ೨೦೨೩ರ ಜನವರಿಯಲ್ಲಿ ಅದರ ಚಿತ್ರಗಳು ಪ್ರಕಟವಾದಾಗ, ಎನ್.ಜಿ.ಸಿ. ೩೪೬ರ ಶಿಶುನಕ್ಷತ್ರಗಳ ಸುತ್ತ ಅನಿಲ ಮಾತ್ರವಲ್ಲದೆ ಧೂಳೂ ಇದೆಯೆಂಬುದು ಕಂಡಿತು. ಅಲ್ಲಿಯವರೆಗೆ ಆ ಮೇಘದಲ್ಲಿ ಸೂರ್ಯನ ಐದರಿಂದ ಎಂಟು ಪಟ್ಟು ತೂಕದ ದೊಡ್ಡ ಶಿಶುಗಳಷ್ಟೆ ಕಾಣುತ್ತಿದ್ದುವು. ವೆಬ್ಬಿಗೆ ಸೂರ್ಯನ ಹತ್ತನೆಯ ಒಂದು ಪಾಲು ತೂಕದವೂ ಎಟುಕತೊಡಗಿದುವು. ಅದರ ಒಂದು ಉಪಕರಣದಲ್ಲಿ ಕೂದಲೆಳೆಯ ಅಗಲಕ್ಕೆ ಸಮೀಪವಾದ ಸುಮಾರು ಎರಡೂವರೆ ಲಕ್ಷ ಪುಟ್ಟ ಕಿಟಕಿಗಳಿವೆ. ಬೇಕಾದುದನ್ನು ತೆರೆದು ಉಳಿದುವನ್ನು ಮುಚ್ಚಬಹುದು. ನಕ್ಷತ್ರದ ಮೇಲೆ ಒಂದು ಕಿಟಕಿ, ಅದರ ಪಕ್ಕದ ಬರಿಯ ನೀಹಾರಿಕೆಯ ಮೇಲೆ ಇನ್ನೊಂದು ಕಿಟಕಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ನಕ್ಷತ್ರದ ಸ್ವಂತ ಬೆಳಕು. ಬೀದಿಯ ದೀಪಗಳನ್ನೆಲ್ಲ ಲೆಕ್ಕದಿಂದ ತೆಗೆದು, ಗೂಡಿನ ಹಣತೆಯನ್ನು ಮಾತ್ರ ನೋಡುವ ಉಪಾಯವಿದು.

ಈ ರೀತಿಯಲ್ಲಿ ಗೀಡೊ ಡಿ ಮಾರ್ಕಿ ಮತ್ತು ಅವರ ಸಂಗಡಿಗರು ಸೂರ್ಯನನ್ನು ಹೋಲುವ ತೂಕದ ಹತ್ತು ನಕ್ಷತ್ರಗಳನ್ನು ಪರೀಕ್ಷಿಸಿ, ೨೦೨೪ರ ಡಿಸೆಂಬರಿನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಣತೆ ಉರಿಯುತ್ತಲೇ ಇತ್ತು. ಎರಡು ಮೂರು ಕೋಟಿ ವರ್ಷ ವಯಸ್ಸಿನ ನಕ್ಷತ್ರಗಳೂ ತಟ್ಟೆಯಿಂದ ಅನಿಲವನ್ನು ಹೀರಿಕೊಳ್ಳುತ್ತಿದ್ದುವು. ಬಡಮನೆಯಲ್ಲಿ ಹಾಲು ಬೇಗ ಬತ್ತುವುದಕ್ಕೆ ಬದಲು ಹೆಚ್ಚು ಕಾಲ ಒದಗುತ್ತಿದೆ ಎಂದಾಯಿತು.

ಇದಕ್ಕೆ ಕಾರಣವೇನಿರಬಹುದು? ಅವರು ಎರಡನ್ನು ಸೂಚಿಸಿದ್ದಾರೆ. ನಕ್ಷತ್ರದ ಬೆಳಕು ತಟ್ಟೆಯ ಅನಿಲವನ್ನು ತಳ್ಳಿ ಹೊರಹಾಕಬೇಕಾದರೆ, ಆ ಬೆಳಕನ್ನು ತಡೆದು ತಳ್ಳಿಸಿಕೊಳ್ಳುವ ಲೋಹಗಳು ಅನಿಲದಲ್ಲಿ ಇರಬೇಕು. ಗಾಳಿ ಎಷ್ಟು ಬೀಸಿದರೂ ಹಾಯಿಯಿಲ್ಲದ ದೋಣಿ ಹೋಗುವುದಿಲ್ಲವಷ್ಟೆ. ಲೋಹವು ಕಡಮೆಯಾದುದರಿಂದ ತಟ್ಟೆಯು ನಿಂತಲ್ಲಿಯೇ ನಿಲ್ಲುತ್ತದೆ; ಇದು ಮೊದಲನೆಯ ಕಾರಣ. ಎರಡನೆಯದು, ಲೋಹವಿಲ್ಲದ ಮೋಡವು ಸುಲಭವಾಗಿ ತಣ್ಣಗಾಗುವುದಿಲ್ಲವಾದುದರಿಂದ, ಸೂರ್ಯನಂತಹ ಒಂದು ನಕ್ಷತ್ರವಾಗಬೇಕಾದರೆ ಮೊದಲಿಗೇ ದೊಡ್ಡ ಮೋಡವೊಂದು ಬೇಕು. ದೊಡ್ಡ ಮೋಡದಿಂದ ದೊಡ್ಡ ತಟ್ಟೆ. ದೊಡ್ಡ ತಟ್ಟೆ ಕರಗಲು ಹೆಚ್ಚು ಕಾಲ. ಎರಡೂ ಕೂಡಿದರೆ ತಟ್ಟೆಯ ಆಯುಷ್ಯವು ಹತ್ತು ಪಟ್ಟು ಹಿಗ್ಗಬಹುದು. ಹತ್ತು ನಕ್ಷತ್ರಗಳು ಒಂದು ಜನಗಣತಿಯಲ್ಲ ನಿಜ. ಇನ್ನೂ ನೂರಾರನ್ನು ನೋಡಬೇಕು. ಆದರೂ "ಸಾಧ್ಯವೇ ಇಲ್ಲ" ಎಂಬ ಮಾತು ಬಿದ್ದುಹೋಗಲು ಹತ್ತು ಸಾಕ್ಷಿಗಳು ಸಾಲುತ್ತವೆ.

ಇದೇ ಗುಚ್ಛದಲ್ಲಿ ನಕ್ಷತ್ರಗಳು ಹೇಗೆ ಬಂದು ಸೇರುತ್ತವೆಂಬುದೂ ೨೦೨೨ರಲ್ಲಿ ಗೊತ್ತಾಯಿತು. ಹಬಲ್ಲಿನಿಂದ ಹನ್ನೊಂದು ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಎಲೆನಾ ಸಬ್ಬಿಯವರ ತಂಡವು ಹೋಲಿಸಿ ನೋಡಿತು. ನಕ್ಷತ್ರಗಳ ಸರಾಸರಿ ವೇಗವು ಗಂಟೆಗೆ ೩,೨೦೦ ಕಿಲೋಮೀಟರ್. ಹನ್ನೊಂದು ವರ್ಷಗಳಲ್ಲಿ ಅವು ಸರಿದದ್ದು ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು ಎರಡರಷ್ಟು. ಎರಡು ಲಕ್ಷ ಜ್ಯೋತಿರ್ವರ್ಷಗಳಾಚೆಯಿಂದ ಅಷ್ಟು ಅಲ್ಪವಾದ ಚಲನೆಯನ್ನು ಅಳೆದ ಸೂಕ್ಷ್ಮತೆಗೆ ತಲೆದೂಗಬೇಕು. ಚಿಲಿ ದೇಶದ ದೊಡ್ಡ ದೂರದರ್ಶಕದಿಂದ ಮತ್ತೊಂದು ತಂಡವು ಬೇರೆ ಮಾರ್ಗದಲ್ಲಿ ಅಳೆದಾಗಲೂ ಅದೇ ಉತ್ತರ ಬಂದಿತು. ನಕ್ಷತ್ರಗಳೂ ಅನಿಲವೂ ಸುರುಳಿಯಾಗಿ ಸುತ್ತುತ್ತ ನಡುವಿನ ಕಡೆಗೆ ಇಳಿಯುತ್ತಿವೆ. ಬಚ್ಚಲ ತೂಬಿನ ಸುತ್ತ ನೀರು ಸುಳಿಯುವಂತೆ. ತೊಟ್ಟಿಲಿಗೆ ಹೊರಗಿನಿಂದ ಆಹಾರ ಬಂದು ಸೇರುವ ದಾರಿ ಇದು.

ಮೆಗೆಲನ್ ಮೇಘಗಳನ್ನು ದಾಟಿ ಇನ್ನೂ ದೂರ ಹೋದರೆ, ಸುಮಾರು ೩೦ ಲಕ್ಷ ಜ್ಯೋತಿರ್ವರ್ಷಗಳಾಚೆ, ಡಬ್ಲ್ಯು.ಎಲ್.ಎಂ. ಎಂಬ ಒಂಟಿ ಕುಬ್ಜ ಗೆಲಕ್ಸಿಯಿದೆ. ವುಲ್ಫ್, ಲುಂಡ್‌ಮಾರ್ಕ್, ಮೆಲೊಟ್ ಎಂಬ ಮೂವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಆ ಹೆಸರು. ಅಲ್ಲಿ ಲೋಹಗಳು ಸೂರ್ಯನಲ್ಲಿರುವುದರ ಸುಮಾರು ಎಂಟನೆಯ ಒಂದು ಪಾಲು. ಚಿಲಿಯ ಎತ್ತರದ ಮರುಭೂಮಿಯಲ್ಲಿರುವ ಆಲ್ಮಾ ರೇಡಿಯೋ ದೂರದರ್ಶಕಗಳ ಸಮೂಹವು ೨೦೧೫ರಲ್ಲಿ ಅಲ್ಲಿ ನಕ್ಷತ್ರ ಹುಟ್ಟಿಸಬಲ್ಲ ತಣ್ಣನೆಯ ಮೋಡಗಳ ಪುಟ್ಟ ಗಟ್ಟಿಗಳನ್ನು ಪತ್ತೆಹಚ್ಚಿತು. ಧೂಳಿನ ತಟ್ಟಿ ತೆಳ್ಳಗಿರುವ ಮನೆಯಲ್ಲಿ ಆಳವಾದ ಮೂಲೆಗಳು ಮಾತ್ರ ತಣ್ಣಗೆ ಉಳಿದಿವೆಯೆಂದು ಇದರಿಂದ ತಿಳಿಯುತ್ತದೆ.

ಈ ಗೆಲಕ್ಸಿಯ ಎಳೆಯ ನಕ್ಷತ್ರಗಳ ಗಣತಿಯಲ್ಲಿ ನಮ್ಮ ನಾಡಿನ ಕೈಯೂ ಇದೆ. ಹೊಸದಾಗಿ ಹುಟ್ಟಿದ ಭಾರಿ ನಕ್ಷತ್ರಗಳು ಅತಿಯಾಗಿ ಕಾದಿರುವುದರಿಂದ ಬೆಳಕಿನ ಬಹುಭಾಗವನ್ನು ಅತಿನೇರಿಳೆ ಕಿರಣಗಳಾಗಿ ಚೆಲ್ಲುತ್ತವೆ. ನಮ್ಮ ವಾಯುಮಂಡಲವು ಆ ಕಿರಣಗಳನ್ನು ತಡೆಯುತ್ತದೆ. ಇದರಿಂದ ನಮ್ಮ ಚರ್ಮಕ್ಕೆ ಕ್ಷೇಮ, ಖಗೋಳಶಾಸ್ತ್ರಕ್ಕೆ ಅಡಚಣೆ. ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇದಕ್ಕಾಗಿಯೇ ೩೭೫ ಮಿಲಿಮೀಟರ್ ಅಗಲದ ಜೋಡಿ ದೂರದರ್ಶಕಗಳಿದ್ದುವು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ, ಹೊಸಕೋಟೆಯ ಅದರ ಪ್ರಯೋಗಾಲಯದಲ್ಲಿ ಅವನ್ನು ಜೋಡಿಸಲಾಯಿತು. ಕನ್ನಡಿ ಚಿಕ್ಕದಾದರೂ ಒಂದೇ ನೋಟಕ್ಕೆ ಹುಣ್ಣಿಮೆಯ ಚಂದ್ರನಷ್ಟು ಆಕಾಶವನ್ನು ಹಿಡಿಯುವ ಗುಣ ಅದರದು. ಅದರ ಚಿತ್ರಗಳಿಂದ ಆ ಸಂಸ್ಥೆಯ ವಿಜ್ಞಾನಿಗಳು ಡಬ್ಲ್ಯು.ಎಲ್.ಎಂ. ಗೆಲಕ್ಸಿಯಲ್ಲಿ ನಕ್ಷತ್ರಗಳು ಹುಟ್ಟಿದ ಎಡೆಗಳನ್ನು ಒಂದೊಂದಾಗಿ ಗುರುತಿಸಿ, ಅವುಗಳ ಶಾಖವನ್ನೂ ಗಾತ್ರವನ್ನೂ ಅಳೆದು ೨೦೧೮ರಲ್ಲಿ ಪ್ರಕಟಿಸಿದರು. ಅಗಸ್ತ್ಯನ ಕಾಲಬುಡದ ಮಬ್ಬು ನಮ್ಮ ಕಣ್ಣಿಗೆ ಅಡ್ಡಬಂದರೂ, ಹೊಸಕೋಟೆಯಲ್ಲಿ ಜೋಡಿಸಿದ ಕಣ್ಣು ನೆರೆಯ ಬಡಮನೆಗಳನ್ನು ನೋಡಿ ಬಂದಿದೆ.

ಇಷ್ಟೆಲ್ಲದರಿಂದ ತಿಳಿದುದೇನು? ತಟ್ಟೆ ಇದ್ದ ಮಾತ್ರಕ್ಕೆ ಗ್ರಹವಿದೆ ಎಂದಲ್ಲ. ಗ್ರಹವಿದ್ದ ಮಾತ್ರಕ್ಕೆ ಅಲ್ಲಿ ಯಾರೋ ವಾಸವಾಗಿದ್ದಾರೆ ಎಂದಂತೂ ಅಲ್ಲ. ಆದರೆ ಗ್ರಹವನ್ನು ಕಟ್ಟಲು ಎರಡು ಬೇಕು: ಸಾಮಗ್ರಿ ಮತ್ತು ಸಮಯ. ಸಾಮಗ್ರಿ ಕಡಮೆಯಿದ್ದ ಕಾಲದಲ್ಲಿ ಸಮಯವೂ ಕಡಮೆಯಿದ್ದಿತೆಂದು ತಿಳಿದಿದ್ದೆವು. ಸಮಯವು ಧಾರಾಳವಾಗಿತ್ತೆಂದು ಈ ನೆರೆಮನೆ ಹೇಳುತ್ತಿದೆ. ಹಾಗಾದರೆ ಗ್ರಹಗಳು ವಿಶ್ವದ ಮುಪ್ಪಿನ ಸಂಪತ್ತಲ್ಲ. ಅದರ ಎಳೆತನದಲ್ಲಿಯೇ, ಸೂರ್ಯನು ಹುಟ್ಟುವುದಕ್ಕೂ ನೂರಾರು ಕೋಟಿ ವರ್ಷಗಳ ಮುಂಚೆ, ಎಲ್ಲೆಲ್ಲೋ ಬೆಳಗು ಬೈಗುಗಳು ಆಗುತ್ತಿದ್ದಿರಬಹುದು. ನಮ್ಮ ಭೂಮಿ ಈ ವಂಶದಲ್ಲಿ ಹಿರಿಯಳಲ್ಲ, ಬಹಳ ತಡವಾಗಿ ಹುಟ್ಟಿದ ಕಿರಿಯ ಮಗಳು.

ಮುಂದಿನ ಫೆಬ್ರುವರಿಯಲ್ಲಿ ಊರ ದೀಪಗಳಿಂದ ದೂರವಿರುವ ಹಳ್ಳಿಗೋ ಬೆಟ್ಟಕ್ಕೋ ಹೋಗುವ ಅವಕಾಶ ದೊರೆತರೆ, ರಾತ್ರಿ ಎಂಟು ಗಂಟೆಯ ಸುಮಾರಿಗೆ ಮಕ್ಕಳನ್ನು ಕರೆದುಕೊಂಡು ದಕ್ಷಿಣಕ್ಕೆ ಮುಖಮಾಡಿ ನಿಲ್ಲಿರಿ. ಅಗಸ್ತ್ಯನನ್ನು ತೋರಿಸಿ, ಅವನ ಕೆಳಗೆ ದಿಗಂತದ ಅಂಚನ್ನೂ ತೋರಿಸಿರಿ. ಆಕಾಶ ನಿರ್ಮಲವಾಗಿದ್ದರೆ ಹೊಗೆಯಂತಹ ಒಂದು ಬಿಳುಪು ಕಂಡೀತು. ಕಾಣದಿದ್ದರೂ ಚಿಂತೆಯಿಲ್ಲ, ಅಲ್ಲೊಂದು ಮನೆಯಿದೆ, ಆ ಮನೆಯಲ್ಲಿ ತೊಟ್ಟಿಲು ತೂಗುತ್ತಿದೆ ಎಂದು ಹೇಳಿದರೆ ಮಕ್ಕಳು ನಂಬುತ್ತಾರೆ. ಈ ಒಂದು ವಿಷಯದಲ್ಲಿ ಅವರು ನಂಬುವುದು ಕತೆಯನ್ನಲ್ಲ, ನಿಜವನ್ನೇ.